ನೆಲ ಮುಟ್ಟಿ ನೋಡುತ್ತಿದ್ದ ಪಿಳ್ಳಣ್ಣ

ಮೋಡ ಕಟ್ಟಿದರೆ ಎಲ್ಲರೂ ಕತ್ತೆತ್ತಿ ಆಕಾಶ ನೋಡುತ್ತಾರೆ. ಪಿಳ್ಳಣ್ಣ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಅಂಗೈ ಊರುತ್ತಿದ್ದರು. ಮಲ್ಲೇಶ್ವರಂ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಗ್ಯಾರೇಜು. ಮಧ್ಯಾಹ್ನದ ಮಳೆ ಹೊಯ್ದು ನಿಂತಿತೆಂದರೆ, ಕೈಯಲ್ಲಿ ಸ್ಪ್ಯಾನರ್ ಇರಲಿ ಟೀ ಲೋಟ ಇರಲಿ, ಕೆಳಗಿಟ್ಟು ಗಲ್ಲಿಯ ನಟ್ಟನಡುವೆ ಹೋಗಿ ಕೂತುಬಿಡುತ್ತಿದ್ದರು. ಸೊಪ್ಪಿನ ಚೀಲ ಹಿಡಿದು ಬರುವ ಹೆಂಗಸರು ಅವರನ್ನು ಸುತ್ತಿಕೊಂಡು ಹೋಗುತ್ತಿದ್ದರು. "ಏನ್ ಬಿದ್ದೋಯ್ತು ಪಿಳ್ಳಣ್ಣ, ಹುಡುಕ್ಕೊಡ್ಲಾ?" ಎಂದು ಮೂಲೆಯ ಹೂವಿನವಳು ಕೇಳುವಳು. "ಏನೂ ಬಿದ್ದಿಲ್ಲ ಕಣಮ್ಮ, ರೋಡು ಎಷ್ಟೊತ್ತಿಗೆ ಒಣಗುತ್ತೆ ನೋಡ್ತಿದೀನಿ" ಎಂದು ಇವರು ಹೇಳುವರು. ಮಳೆಗಾಲ ಪೂರ್ತಿ ಇದೇ ಪ್ರಶ್ನೆ, ಇದೇ ಉತ್ತರ.

ಅದು ಹುಚ್ಚಲ್ಲ, ಅವರ ಕಸುಬು. ವಾರದಲ್ಲಿ ಐದು ದಿನ ಸ್ಕೂಟರು, ಹಳೇ ಕಾರು ರಿಪೇರಿ ಮಾಡುತ್ತಿದ್ದ ಪಿಳ್ಳಣ್ಣ, ರೇಸಿನ ಕಾಲ ಬಂತೆಂದರೆ ಶನಿವಾರ, ಭಾನುವಾರ ಚೆನ್ನೈ ಹೊರಗಿನ ಟ್ರ್ಯಾಕಿನಲ್ಲಿರುತ್ತಿದ್ದರು. ಒಬ್ಬನೇ ಕೂರುವ, ಮೇಲೆ ಚಾವಣಿಯಿಲ್ಲದ, ಚಕ್ರಗಳೆಲ್ಲ ಹೊರಗೇ ಕಾಣುವ ರೇಸ್ ಕಾರು ಅವರ ಜವಾಬ್ದಾರಿ. ಆ ಕಾರಿಗೆ ಎರಡು ಥರದ ಟಯರು. ಒಣ ರಸ್ತೆಗೆ ಒಂದೂ ಗೀರಿಲ್ಲದ ನುಣ್ಣನೆಯದು, ಅದನ್ನು ಪಿಳ್ಳಣ್ಣ ಬೋಳು ಎನ್ನುತ್ತಿದ್ದರು. ನೀರು ನಿಂತ ರಸ್ತೆಗೆ ಗೀರು ತುಂಬಿದ ಮಳೆ ಟಯರು. ಮಳೆಯಲ್ಲಿ ಬೋಳು ಹಾಕಿದರೆ ಕಾರು ಸೋಪಿನ ಮೇಲೆ ಹೋದಂತೆ ಜಾರುತ್ತದೆ. ಒಣ ರಸ್ತೆಯಲ್ಲಿ ಮಳೆ ಟಯರು ಹಾಕಿದರೆ ನಾಲ್ಕು ಸುತ್ತಿಗೆ ಸುಟ್ಟು ಕಿತ್ತುಬರುತ್ತದೆ. ಪೂರ್ತಿ ಬಿಸಿಲಾದರೆ, ಪೂರ್ತಿ ಮಳೆಯಾದರೆ ಯಾರು ಬೇಕಾದರೂ ಹೇಳಿಯಾರು. ಬಂದೂ ಬಾರದ ಮಳೆಯಲ್ಲಿ ಯಾವುದು ಹಾಕಬೇಕೆಂದು ಹೇಳುವುದಕ್ಕೆ ಪಿಳ್ಳಣ್ಣನೇ ಬೇಕಾಗಿತ್ತು.

ನನಗೆ ರೇಸು ಅಂದರೆ ಆಗಲೂ ಬೇಸರ, ಈಗಲೂ ಬೇಸರ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಒಂದು ಸಂಜೆ ಸ್ಕೂಟರು ಕೆಟ್ಟು ತಳ್ಳಿಕೊಂಡು ಹೋದಾಗ ಪಿಳ್ಳಣ್ಣ ನನ್ನ ಮುಖ ನೋಡಲಿಲ್ಲ, ಹಿಂದಿನ ಟಯರು ಸವರಿದರು. "ಹಿಂದಿಂದು ಮಾತ್ರ ಸವೆದಿದೆ. ಮುಂದಿನ್ ಬ್ರೇಕ್ ಹಿಡಿದ್ರೆ ಬಿದ್ದೋಗ್ತೀನಿ ಅಂತ ಭಯ ನಿಮಗೆ. ಮೇಷ್ಟ್ರಾ, ಬ್ಯಾಂಕಾ?" ಎಂದರು. ಮೇಷ್ಟ್ರು ಎಂದೆ. ಕಾಲೇಜಿನ ಕ್ರೀಡಾಕೂಟ ಮುಗಿಸಿ ಬಂದಿದ್ದೆನಾದ್ದರಿಂದ ಕೊರಳಲ್ಲಿ ಸ್ಟಾಪ್‌ವಾಚು ನೇತಾಡುತ್ತಿತ್ತು. ಅದನ್ನು ನೋಡಿ, "ರೇಸು ಅಂದ್ರೆ ಇಷ್ಟನಾ ಮೇಷ್ಟ್ರೇ?" ಎಂದು ಕೇಳಿದರು. ಇಲ್ಲ, ಆ ಶಬ್ದ ಕೇಳಿದರೆ ತಲೆನೋವು ಎಂದೆ. ಅವರ ಮುಖ ಅರಳಿತು. "ಹಂಗಾದ್ರೆ ನೀವೇ ಸರಿ. ಇಷ್ಟ ಇರೋರು ಕಾರು ನೋಡ್ತಾರೆ, ವಾಚು ನೋಡಲ್ಲ" ಎಂದರು. ಹೀಗೆ ನಾನು ಆರು ವರ್ಷ ಅವರ ತಂಡದ ಸಮಯ ಹಿಡಿಯುವವನಾದೆ.

ಅದೇನು ಸುಖದ ಕೆಲಸವಲ್ಲ. ಬೆಳಗಾಗುವ ಮುನ್ನ ಟಯರುಗಳ ನಡುವೆ ಮುದುಡಿಕೊಂಡು ವ್ಯಾನಿನಲ್ಲಿ ಹೊರಡಬೇಕು. ಅಲ್ಲಿ ಕಾರುಗಳು ಓಡುವ ದಾರಿಗೂ ನಮ್ಮ ಶೆಡ್ಡಿಗೂ ನಡುವೆ ಸೊಂಟದೆತ್ತರದ ಒಂದು ಸಿಮೆಂಟು ಗೋಡೆ. ಕಾರು ಪ್ರತಿ ಸುತ್ತಿಗೂ ಅದರ ಮುಂದೆಯೇ ಹಾದುಹೋಗುತ್ತದೆ. ಆ ಗೋಡೆಗೆ ಒರಗಿ, ಕಾರು ಹಾದುಹೋದ ಕ್ಷಣ ವಾಚು ಒತ್ತಿ, ಸಮಯ ಬರೆದು, ಅದನ್ನೇ ಬೋರ್ಡಿನಲ್ಲಿ ಜೋಡಿಸಿ ಮುಂದಿನ ಸುತ್ತಿಗೆ ಎತ್ತಿ ತೋರಿಸಬೇಕು. ಹೆಲ್ಮೆಟ್ಟಿನೊಳಗೆ ಮಾತಾಡುವ ರೇಡಿಯೋ ನಮ್ಮಂಥ ಸಣ್ಣ ತಂಡಕ್ಕೆಲ್ಲಿಯದು? ಬೋರ್ಡಿನಲ್ಲಿ ಬಾಣದ ಗುರುತು ತೋರಿಸಿದರೆ ಒಳಗೆ ಬಾ ಎಂದು ಅರ್ಥ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡು, ಕಿವಿ ಗುಯ್‌ಗುಟ್ಟಿ, ಇನ್ನು ಮುಂದಿನ ಸಲ ಬರುವುದಿಲ್ಲ ಎಂದುಕೊಳ್ಳುತ್ತಿದ್ದೆ. ಮುಂದಿನ ಸಲ ವ್ಯಾನು ಮನೆ ಮುಂದೆ ಬಂದು ಹಾರನ್ ಹೊಡೆದರೆ ಎದ್ದು ಹೋಗುತ್ತಿದ್ದೆ. ಪಿಳ್ಳಣ್ಣನಿಗೆ ಇಲ್ಲ ಎನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಯಾಕೆಂದು ಈಗಲೂ ತಿಳಿಯದು. ಬಹುಶಃ, ನನ್ನ ಬದುಕಿನಲ್ಲಿ ನಾನು ಹೇಳಿದ ಅಂಕಿಯನ್ನು ಎರಡನೇ ಸಲ ಕೇಳದೆ ನಂಬಿದವರು ಅವರೊಬ್ಬರೇ.

ಕಾರು ಓಡಿಸುತ್ತಿದ್ದವನು ತೇಜಸ್. ಚಾಮರಾಜಪೇಟೆಯ ಹುಡುಗ. ಅವನ ತಂದೆಯದು ಮಾಮೂಲ್‌ಪೇಟೆಯಲ್ಲಿ ಬೀಗ, ಚಿಲಕ, ಕೀಲುಗಳ ಅಂಗಡಿ. ನಾನು ಕಂಡಾಗ ಅವನಿಗೆ ಇಪ್ಪತ್ತು ದಾಟಿತ್ತು, ಕಾರು ಓಡಿಸುವುದಕ್ಕೆಂದೇ ತಂಡದ ಮಾಲೀಕರು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಸಣ್ಣಗೆ, ಮಾತು ಕಡಿಮೆ, ಕಾರಿನಲ್ಲಿ ಕೂತರೆ ಮಾತ್ರ ಬೇರೆಯೇ ಮನುಷ್ಯ. ಪಿಳ್ಳಣ್ಣನಿಗೆ ಮಕ್ಕಳಿರಲಿಲ್ಲ. ಹಾಗೆಂದು ಅವನನ್ನು ಮಗನಂತೆ ಕಂಡರು ಎಂದೆಲ್ಲ ನಾನು ಬರೆಯುವುದಿಲ್ಲ. ಅವರು ಅವನನ್ನು ಬೈಯುತ್ತಿದ್ದುದೇ ಹೆಚ್ಚು. "ಲೇ, ಗೇರು ಹಾಕೋವಾಗ ಅದಕ್ಕೂ ನೋವಾಗುತ್ತೆ ಕಣೋ" ಎನ್ನುತ್ತಿದ್ದರು. ಆದರೆ ಅವನು ಗೆದ್ದ ಸೋಮವಾರ ಗ್ಯಾರೇಜಿಗೆ ಬಂದವರೆಲ್ಲರ ಪಂಚರು ಬಿಟ್ಟಿ.

ಚೆನ್ನೈ ಕಡೆಯ ಮಳೆ ನಮ್ಮ ಮಳೆಯಂತಲ್ಲ. ಮೊದಲ ಸಲ ಹೋಗುವಾಗಲೇ ಪಿಳ್ಳಣ್ಣ ವ್ಯಾನಿನಲ್ಲಿ ನನಗೆ ಪಾಠ ಮಾಡಿದ್ದರು. "ನಮ್ ಮಲ್ಲೇಶ್ವರದ ಮಳೆ ಮರ್ಯಾದಸ್ಥ ಮೇಷ್ಟ್ರೇ. ಗಾಳಿ ಬರುತ್ತೆ, ಮಣ್ಣಿನ ವಾಸನೆ ಬರುತ್ತೆ, ಆಮೇಲೆ ಎಲ್ಲಾ ಕ್ರಾಸಿಗೂ ಒಟ್ಟಿಗೆ ಸುರಿಯುತ್ತೆ. ಅಲ್ಲಿಂದು ಸಮುದ್ರದ ಮಳೆ. ಹೇಳದೇ ಕೇಳದೇ ಬಂದು, ಟ್ರ್ಯಾಕಿನ ಆ ಮೂಲೇಲಿ ಸುರಿದು, ಈ ಮೂಲೇಲಿ ಬಿಸಿಲು ಬಿಟ್ಟು ಹೋಗುತ್ತೆ." ಗೋಡೆಯ ಹತ್ತಿರದ ನೆಲ ಮುಟ್ಟಿದರೆ ದೂರದ ತಿರುವಿನ ಸುದ್ದಿ ತಿಳಿಯದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿ ಅವರೇ ಒಂದು ಪದ್ಧತಿ ಮಾಡಿದ್ದರು. ನಮಗೆ ಕಾಣದ ಕಡೆ ಮಳೆ ಬಿದ್ದರೆ, ತೇಜಸ್ ಗೋಡೆಯ ಕಡೆಗೆ ಬರುತ್ತ ದೂರದಿಂದಲೇ ಎಡಗೈ ಎತ್ತಬೇಕು. ಅಷ್ಟೇ. ಕೈ ಕಂಡರೆ ಪಿಳ್ಳಣ್ಣ ನನ್ನ ಭುಜ ತಟ್ಟುವರು, ನಾನು ಬಾಣ ತೋರಿಸುವೆ, ಆ ಸುತ್ತಿನಲ್ಲೇ ಅವನು ಒಳಗೆ ಬಂದು ಟಯರು ಬದಲಿಸಿಕೊಳ್ಳುವನು.

ಇದನ್ನು ಅಭ್ಯಾಸ ಮಾಡಿಸಿದ್ದು ಮಾರ್ಕೆಟ್ ಗಲ್ಲಿಯಲ್ಲೇ. ಚಕ್ರ ಬಿಚ್ಚಿಟ್ಟ ಕಾರಿನೊಳಗೆ ತೇಜಸ್‌ನನ್ನು ಕೂರಿಸಿ, ತಾವು ಗ್ಯಾರೇಜಿನ ಬಾಗಿಲಲ್ಲಿ ನಿಂತು, "ಮಳೆ!" ಎಂದು ಕೂಗುವರು. ಅವನು ಕೈ ಎತ್ತುವನು. "ನಿಧಾನ ಆಯ್ತು. ಇನ್ನೊಂದ್ಸಲ. ಮಳೆ!" ಬದನೆಕಾಯಿ ಗಾಡಿಯವನು ಹೆದರಿ ಟಾರ್ಪಾಲು ಎಳೆದುಕೊಂಡ. ಹೂವಿನವಳು ಬುಟ್ಟಿ ಎತ್ತಿಕೊಂಡು ಓಡಿದಳು. ಆಮೇಲೆ ವಿಷಯ ತಿಳಿದು ಒಂದು ವಾರ ಇಡೀ ಗಲ್ಲಿ ತೇಜಸ್‌ನನ್ನು ಕಂಡಾಗಲೆಲ್ಲ ಕೈ ಎತ್ತಿತು.

ಆ ಪದ್ಧತಿ ಎರಡು ರೇಸುಗಳಲ್ಲಿ ನಮ್ಮನ್ನು ಉಳಿಸಿತು. ಒಂದರಲ್ಲಿ ಗೆದ್ದೂ ಗೆದ್ದೆವು. ಬೇರೆ ತಂಡದವರು ಫೋನು ತೆಗೆದು ಮೋಡದ ನಕ್ಷೆ ನೋಡುತ್ತ ಜಗಳವಾಡುತ್ತಿದ್ದರೆ, ನಮ್ಮವರು ಕೂತು ನೆಲ ಮುಟ್ಟುವರು, ಎದ್ದು ಕೈ ಕಾಯುವರು, ಮತ್ತೆ ಕೂರುವರು. ವಯಸ್ಸು ಅರವತ್ತು ದಾಟಿದ ಮೇಲೆ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು. "ಮಂಡಿ ಟಯರು ಸವೀತು ಮೇಷ್ಟ್ರೇ" ಎನ್ನುತ್ತಿದ್ದರು. ಅದಕ್ಕೇ ಕೊನೆಕೊನೆಗೆ ಒಮ್ಮೆ ಕೂತರೆ ಬೇಗ ಏಳುತ್ತಿರಲಿಲ್ಲ.

ಆ ಭಾನುವಾರ ಬೆಳಗ್ಗೆಯೇ ಒಂದು ಮಳೆ ಬಂದು ಹೋಗಿತ್ತು. ರೇಸು ಶುರುವಾಗುವ ಹೊತ್ತಿಗೆ ಟ್ರ್ಯಾಕು ಅಲ್ಲಲ್ಲಿ ಒದ್ದೆ. ಎಲ್ಲರೂ ಮಳೆ ಟಯರು ಹಾಕಿದರು. ಪಿಳ್ಳಣ್ಣ ನೆಲ ಮುಟ್ಟಿ, ಬಿಸಿ ಮೇಲೇರ್ತಿದೆ, ಬೋಳು ಹಾಕಿ ಎಂದರು. ಮೂರು ಸುತ್ತು ತೇಜಸ್ ಹಿಂದೆ ಬಿದ್ದ. ನಾಲ್ಕನೆಯದರಿಂದ ನೆಲ ಒಣಗಿತು, ಅವನು ಒಬ್ಬೊಬ್ಬರನ್ನೇ ದಾಟುತ್ತ ಬಂದ. ಏಳನೇ ಸುತ್ತಿಗೆ ಮೊದಲಿಗನಾಗಿದ್ದ. ಅವತ್ತು ಗೆದ್ದರೆ ಆ ವರ್ಷದ ಚಾಂಪಿಯನ್ ಅವನೇ, ಮುಂದಿನ ವರ್ಷ ಹೊರದೇಶದ ತಂಡವೊಂದರಲ್ಲಿ ಓಡಿಸಿ ತೋರಿಸಲು ಕರೆ ಬರುವುದಿತ್ತು. ನನ್ನಂಥವನಿಗೂ ಎದೆ ಹೊಡೆದುಕೊಳ್ಳುತ್ತಿತ್ತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಒಂಬತ್ತನೇ ಸುತ್ತಿನಲ್ಲಿ ಅವನ ಸಮಯ ಎರಡು ಸೆಕೆಂಡು ಹೆಚ್ಚಾಯಿತು. ಬರೆದು ಪಿಳ್ಳಣ್ಣನಿಗೆ ತೋರಿಸಿದೆ. "ಕೈ ಎತ್ಲಿಲ್ವಲ್ಲ, ಹಿಂದೆ ಉಳಿದೋರು ಯಾರೋ ಅಡ್ಡ ಸಿಕ್ಕಿರ್ತಾರೆ" ಎಂದು ಹೇಳಿ ಅವರು ಗೋಡೆಯ ಹಿಂದೆ ಕೂತು ನೆಲಕ್ಕೆ ಕೈಯೂರಿದರು. ನಮ್ಮ ಕಡೆ ಸುಡುವ ಬಿಸಿಲು. ಹತ್ತನೇ ಸುತ್ತು. ಕಾರು ಬಂತು, ವಾಚು ಒತ್ತಿದೆ, ನನ್ನ ಕಣ್ಣು ವಾಚಿನ ಮೇಲೆ. ಐದು ಸೆಕೆಂಡು ಹೆಚ್ಚು. "ಪಿಳ್ಳಣ್ಣ, ಐದು!" ಎಂದು ಕೂಗಿದೆ. ಅವರು ಗೋಡೆ ಹಿಡಿದು ಎದ್ದು ನಿಲ್ಲುವಷ್ಟರಲ್ಲಿ ಕಾರು ಹೋಗಿಯಾಗಿತ್ತು. ನನ್ನ ಭುಜ ಜೋರಾಗಿ ತಟ್ಟಿದರು. ಬಾಣದ ಬೋರ್ಡು ಎತ್ತಿ ಹಿಡಿದು ನಿಂತೆ. ಹನ್ನೊಂದನೇ ಸುತ್ತಿಗೆ ಎಲ್ಲ ಕಾರುಗಳೂ ನಿಧಾನವಾಗಿ ಬಂದವು, ರೇಸು ನಿಲ್ಲಿಸುವ ಕೆಂಪು ಬಾವುಟ ಹಾರಿತು, ನಮ್ಮದು ಬರಲಿಲ್ಲ. ದೂರದ ತಿರುವಿನಲ್ಲಿ ಧೋ ಎಂದು ಸುರಿಯುತ್ತಿತ್ತಂತೆ.

ತೇಜಸ್ ಬದುಕಿದ. ಬಲಗಾಲಿನ ಹಿಮ್ಮಡಿಯ ಮೇಲಿನ ಮೂಳೆ ಪುಡಿಯಾಗಿತ್ತು. ಎರಡು ಆಪರೇಷನ್ ಆಗಿ ನಡೆಯುವಂತಾದ. ಆದರೆ ಬ್ರೇಕನ್ನು ಎಷ್ಟು ಒತ್ತುತ್ತಿದ್ದೇನೆ ಎಂದು ತಿಳಿಯುವ ಪಾದ ಅದಾಗಿರಲಿಲ್ಲ. ಒಂದು ವರ್ಷ ನೋಡಿ, ಮಾಮೂಲ್‌ಪೇಟೆಯ ಅಂಗಡಿಯಲ್ಲಿ ತಂದೆಯ ಪಕ್ಕ ಕೂತ.

ಆಸ್ಪತ್ರೆಯ ವರಾಂಡದಲ್ಲಿ ಪಿಳ್ಳಣ್ಣ ಮೊದಲ ಸಲ ಕೇಳಿದರು. "ಮೇಷ್ಟ್ರೇ, ಹತ್ತನೇ ಸುತ್ತಲ್ಲಿ ಕೈ ಎತ್ತಿದ್ನಾ?"

ನಾನು ವಾಚು ನೋಡುತ್ತಿದ್ದೆ ಎಂದೆ. ಅದು ನಿಜ. ಶೆಡ್ಡಿನ ಹುಡುಗರಿಬ್ಬರೂ ಟಯರು ಜೋಡಿಸುತ್ತಿದ್ದರು. ನೇರಪ್ರಸಾರದ ಕ್ಯಾಮೆರಾ ಆ ಹೊತ್ತಿನಲ್ಲಿ ಎರಡನೇ ಸ್ಥಾನಕ್ಕೆ ನಡೆಯುತ್ತಿದ್ದ ಪೈಪೋಟಿ ತೋರಿಸುತ್ತಿತ್ತು. ನಾನು ಅದನ್ನು ಆಮೇಲೆ ಎಷ್ಟೋ ಸಲ ಹಾಕಿ ನೋಡಿದ್ದೇನೆ, ನಮ್ಮ ಕಾರು ಗೋಡೆ ದಾಟುವುದು ಅದರಲ್ಲಿಲ್ಲ. ಅಂದರೆ ಆ ಕೈಯನ್ನು ನೋಡಬೇಕಾಗಿದ್ದವರು ಒಬ್ಬರೇ, ಅವರು ಕೂತಿದ್ದರು.

"ಎತ್ತಿರ್ತಾನೆ" ಎಂದರು ಪಿಳ್ಳಣ್ಣ. "ಆ ಹುಡುಗ ಎತ್ತದೇ ಇರೋನಲ್ಲ. ನಾನೇ ನೋಡ್ಲಿಲ್ಲ."

ಅವನನ್ನೇ ಕೇಳೋಣ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಬೇಡ. ಕಾಲು ಮುರ್ಕೊಂಡು ಮಲಗಿರೋನ ಹತ್ರ ಹೋಗಿ, ನೀನು ಕೈ ಎತ್ತಿದ್ಯಾ ಇಲ್ವಾ ಅಂತ ಸಾಕ್ಷಿ ಕೇಳ್ತೀರಾ? ನನ್ ಮೇಲೆ ಆಣೆ. ಯಾವತ್ತೂ ಕೇಳ್ಬೇಡಿ."

ಆಮೇಲೆ ಅವರು ಟ್ರ್ಯಾಕಿಗೆ ಹೋಗಲಿಲ್ಲ. ನನ್ನ ಶನಿವಾರ ಭಾನುವಾರಗಳು ನನಗೆ ಮರಳಿ ಸಿಕ್ಕಿದವು. ಆರು ವರ್ಷ ಗೊಣಗಿಕೊಂಡು ಮಾಡಿದ ಕೆಲಸ ತಪ್ಪಿದ್ದಕ್ಕೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕಾಲೇಜು ಮುಗಿಸಿ ಗ್ಯಾರೇಜಿಗೆ ಹೋಗಿ ಮರದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದೆ. ಅವರು ಬೈಕಿನ ಸರಪಳಿಯನ್ನೋ ಕಾರ್ಬೊರೇಟರನ್ನೋ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತ ಇರುತ್ತಿದ್ದರು. ಕಾಲು ಗಂಟೆ ಅದೂ ಇದೂ ಮಾತಾಡಿ, ತಲೆ ಎತ್ತದೆ, "ಆವತ್ತು ಕೈ ಎತ್ತಿದ್ನಾ ಮೇಷ್ಟ್ರೇ?" ಎನ್ನುವರು. ನಾನು, "ವಾಚು ನೋಡ್ತಿದ್ದೆ ಪಿಳ್ಳಣ್ಣ" ಎನ್ನುವೆ. ಅವರು, "ಹೂಂ" ಎನ್ನುವರು. ವಾರಕ್ಕೊಮ್ಮೆಯಾದರೂ ಈ ಮಾತು ಬರುತ್ತಿತ್ತು, ನಾಲ್ಕು ವರ್ಷ. ಒಮ್ಮೊಮ್ಮೆ ಸಿಟ್ಟು ಬಂದು ಒಂದು ವಾರ ಆ ಕಡೆ ಹೋಗುತ್ತಿರಲಿಲ್ಲ. ಮತ್ತೆ ಹೋಗುತ್ತಿದ್ದೆ. ಮಳೆ ಬಂದು ನಿಂತರೂ ಅವರು ಗಲ್ಲಿಗೆ ಇಳಿಯುತ್ತಿರಲಿಲ್ಲ. ಹೂವಿನವಳಿಗೆ ಕೇಳಲು ಏನೂ ಇರಲಿಲ್ಲ.

ತೇಜಸ್ ಆಯುಧಪೂಜೆಗೆ ತಪ್ಪದೆ ಬರುತ್ತಿದ್ದ. ಸಿಹಿ ತರುತ್ತಿದ್ದ, ಕುಂಬಳಕಾಯಿ ಒಡೆಯುತ್ತಿದ್ದ, ಕುಂಟು ಕಾಣದಂತೆ ನಡೆಯಲು ನೋಡುತ್ತಿದ್ದ. ಪಿಳ್ಳಣ್ಣ ಅವನ ತಟ್ಟೆಗೆ ಕಡಲೆಪುರಿ ಸುರಿಯುವರು, ಅಂಗಡಿ ಹೇಗಿದೆ ಕೇಳುವರು, ಬೈಯುವುದನ್ನು ಮಾತ್ರ ಬಿಟ್ಟಿದ್ದರು. ಅದರಿಂದ ಅವನಿಗೆ ನೋವಾಗುತ್ತಿತ್ತೆಂದು ನನಗೆ ಕಾಣುತ್ತಿತ್ತು. ಅವನು ಹೊರಟ ಮೇಲೆ ಅವರು ಒಡೆದ ಕುಂಬಳಕಾಯಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ಬದಿಗಿಡುತ್ತಿದ್ದರು.

ಕಳೆದ ವರ್ಷ ಅವರ ಎದೆ ಸೋತಿತು. ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ತಮ್ಮನ ಮನೆಯಲ್ಲಿ ಮಲಗಿದ್ದರು. ನಾನು ಕೊನೆಯ ಸಲ ಹೋದಾಗ ಬೆಳಗ್ಗೆ ಹತ್ತು ಗಂಟೆ, ಕಿಟಕಿಯಿಂದ ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚುವ ಸದ್ದು, ತೂಕದವರ ಕೂಗು. ಪಿಳ್ಳಣ್ಣ ಇಳಿದುಹೋಗಿದ್ದರು. ಅಂಗೈಯ ಗೆರೆಗಳಲ್ಲಿ ಮಸಿ ಮಾತ್ರ ಹಾಗೇ ಇತ್ತು. ಅವರು ಕೇಳುವ ಮುನ್ನವೇ ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಯೋಚಿಸಿದ್ದೆ. ಎತ್ತಲಿಲ್ಲ, ನಾನು ನೋಡಿದೆ, ಅವನು ಎತ್ತಲಿಲ್ಲ ಎಂದು ಹೇಳಿಬಿಡಬೇಕು. ಒಂದೇ ಮಾತು. ಅವರಿಗೆ ನಿದ್ದೆ ಬರಲಿ.

"ಮೇಷ್ಟ್ರೇ."

"ಹೇಳಿ ಪಿಳ್ಳಣ್ಣ."

"ಕೈ ಎತ್ತಿದ್ನಾ?"

ಬಾಯಿ ತೆರೆದೆ. ಇಲ್ಲ ಎನ್ನಲು ಆಗಲಿಲ್ಲ. ಹಾಗೆಂದರೆ ತಪ್ಪನ್ನು ಎತ್ತಿ ಆ ಹುಡುಗನ ತಲೆಯ ಮೇಲೆ ಇಟ್ಟಂತೆ, ಅದೂ ನನಗೆ ತಿಳಿಯದೆ. "ವಾಚು ನೋಡ್ತಿದ್ದೆ" ಎಂದೆ.

ಅವರು ನಕ್ಕರು. "ನೀವು ನೋಡದೇ ಇರೋದನ್ನ ನೋಡ್ದೆ ಅನ್ನಲ್ಲ. ಅದಕ್ಕೇ ನಿಮ್ಮನ್ನ ಕೇಳೋದು. ಬೇರೆಯೋರಾಗಿದ್ರೆ ಇಷ್ಟೊತ್ತಿಗೆ ಏನೋ ಒಂದು ಹೇಳಿ ಸಮಾಧಾನ ಮಾಡಿರೋರು." ಮೂರು ವಾರಕ್ಕೆ ಅವರು ತೀರಿಕೊಂಡರು.

ಹನ್ನೊಂದನೇ ದಿನದ ಊಟಕ್ಕೆ ತೇಜಸ್ ಬಂದಿದ್ದ. ಎಲೆ ಹಾಕಿದ, ನೀರು ಬಡಿಸಿದ, ಕೊನೆಯ ಪಂಕ್ತಿಯಲ್ಲಿ ಕೂತು ಏನೂ ತಿನ್ನದೆ ಎದ್ದ. ಇಬ್ಬರೂ ಸಂಪಿಗೆ ರಸ್ತೆಯ ಮೆಟ್ರೋ ಕಡೆಗೆ ನಡೆದೆವು. ಅವನ ಕಾಲಿಗೆ ತಕ್ಕಂತೆ ನಿಧಾನ. ಮಾಲ್ ಮುಂದಿನ ಜನಜಂಗುಳಿ ದಾಟಿ ಸ್ಟೇಷನ್ ಮೆಟ್ಟಿಲ ಹತ್ತಿರ ಬಂದಾಗ ಅವನು ನಿಂತ.

"ಸಾರ್, ಯಾರಿಗಾದ್ರೂ ಹೇಳ್ಬೇಕು. ಆವತ್ತು ಎರಡು ಸುತ್ತು ಆ ಕಡೆ ಮಳೆ ಇತ್ತು. ನಂಗೊತ್ತಿತ್ತು. ನನ್ ಹೆಲ್ಮೆಟ್ ಮೇಲೇ ಬೀಳ್ತಿತ್ತಲ್ವಾ."

ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ.

"ನಾನು ಕೈ ಎತ್ಲಿಲ್ಲ ಸಾರ್. ಎತ್ತಿದ್ರೆ ಒಳಗೆ ಕರೀತಿದ್ರು. ಮೊದಲನೇ ಜಾಗ ಹೋಗ್ತಿತ್ತು. ಇನ್ನೈದೇ ಸುತ್ತು, ಹೆಂಗೋ ಹೋಗ್ಬಿಡ್ತೀನಿ ಅಂದ್ಕೊಂಡೆ." ಅವನು ಕಣ್ಣೊರೆಸಿಕೊಳ್ಳಲಿಲ್ಲ, ನೀರು ಹಾಗೇ ಇಳಿಯುತ್ತಿತ್ತು. "ಕಣ್ ಬಿಟ್ಟಾಗ ಪಿಳ್ಳಣ್ಣ ಮಂಚದ ಪಕ್ಕ ನಿಂತು, ತಪ್ಪು ನಂದು ಮಗಾ ಅಂತಿದ್ರು. ಆಗ್ಲೇ ಹೇಳ್ಬೇಕಿತ್ತು. ನಾಚಿಕೆ ಆಯ್ತು. ಪ್ರತಿ ಆಯುಧಪೂಜೆಗೂ ಇವತ್ತು ಹೇಳ್ತೀನಿ ಅಂತಾನೇ ಹೋಗ್ತಿದ್ದೆ. ಅವರು ಬೈಯ್ಲಿ ಅಂತ ಕಾಯ್ತಿದ್ದೆ, ಬೈದ್ರೆ ಹೇಳೋದು ಸುಲಭ ಆಗೋದು."

ನನಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಮರುಕ್ಷಣ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡಬೇಕೆನಿಸಿತು. ಜನ ನಮ್ಮಿಬ್ಬರನ್ನೂ ಬಳಸಿಕೊಂಡು ಮೇಲೆ ಹತ್ತುತ್ತಿದ್ದರು, ಕೆಳಗಿಳಿಯುತ್ತಿದ್ದರು.

"ಅವರು ಯಾವತ್ತಾದ್ರೂ ಕೇಳಿದ್ರಾ ಸಾರ್ ನಿಮ್ಮನ್ನ?" ಎಂದ ತೇಜಸ್. "ನಾನು ಕೈ ಎತ್ತಿದ್ನಾ ಇಲ್ವಾ ಅಂತ? ಅದು ಅವರ ಮನಸ್ಸಲ್ಲಿತ್ತಾ?"

ನಾನು ಅವನ ಮುಖ ನೋಡಿದೆ. ಮೂವತ್ತೆರಡೂ ಆಗಿಲ್ಲ. ಇನ್ನೂ ಎಷ್ಟೋ ವರ್ಷ ಆ ಅಂಗಡಿಯಲ್ಲಿ ಕೂರಬೇಕು.

"ಇಲ್ಲಪ್ಪ" ಎಂದೆ. "ಒಂದ್ಸಲಾನೂ ಕೇಳ್ಲಿಲ್ಲ."